ಮೂಸ್‌ಹಾರ್ಟ್: ಕಾರ್ಮಿಕರು ಕಟ್ಟಿಕೊಂಡ ಮಕ್ಕಳ ಊರು

ಷಿಕಾಗೊ ಕಡೆಯ ಕನ್ನಡಿಗರಿಗೆ ಅರೋರಾದ ಬಾಲಾಜಿ ದೇವಸ್ಥಾನ ಚೆನ್ನಾಗಿ ಗೊತ್ತು. ಅಲ್ಲಿಂದ ಫಾಕ್ಸ್ ನದಿಯ ಗುಂಟ ರೂಟ್ 31ರಲ್ಲಿ ಉತ್ತರಕ್ಕೆ ಕೆಲವೇ ಮೈಲಿ ಹೋದರೆ, ಬಟೇವಿಯಾ ಊರು ಸಿಗುವ ಮೊದಲು, ರಸ್ತೆಬದಿಯಲ್ಲೊಂದು ದೊಡ್ಡ ಆವರಣ ಸಿಗುತ್ತದೆ. ಮರಗಳು, ಚರ್ಚು, ಶಾಲೆ, ಸಾಲು ಮನೆಗಳು. ಯಾವುದೋ ಕಾಲೇಜಿರಬೇಕು ಅಂದುಕೊಂಡು ಕಾರು ನಿಲ್ಲಿಸದೆ ಮುಂದೆ ಹೋಗುವವರೇ ಹೆಚ್ಚು. ಅದು ಕಾಲೇಜಲ್ಲ. ಅದರ ಹೆಸರು ಮೂಸ್‌ಹಾರ್ಟ್. ಅಲ್ಲಿ ಮಕ್ಕಳು ವಾಸ ಮಾಡುತ್ತಾರೆ. 1913ರಿಂದಲೂ ಮಾಡುತ್ತಿದ್ದಾರೆ.

ಸರ್ಕಾರದ ದುಡ್ಡಿನಿಂದಾಗಲಿ ಯಾವುದೋ ಕೋಟ್ಯಧಿಪತಿಯ ಉಯಿಲಿನಿಂದಾಗಲಿ ಈ ಊರು ಎದ್ದಿದ್ದಲ್ಲ. ಉಕ್ಕಿನ ಕಾರ್ಖಾನೆ, ಗಣಿ, ರೈಲ್ವೆ ಯಾರ್ಡುಗಳಲ್ಲಿ ದುಡಿಯುತ್ತಿದ್ದ ಜನ ವರ್ಷಕ್ಕೆ 5ರಿಂದ 10 ಡಾಲರ್ ಚಂದಾ ಹಾಕಿ, ನಾಳೆ ತಾವು ಸತ್ತರೆ ಹೆಂಡತಿ ಮಕ್ಕಳು ಬೀದಿಪಾಲಾಗದಿರಲಿ ಅಂತ ಕಟ್ಟಿಕೊಂಡ ಊರು ಇದು. ಆ ಜನರ ಸಂಘದ ಹೆಸರು ಲಾಯಲ್ ಆರ್ಡರ್ ಆಫ್ ಮೂಸ್. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕದ ಸಣ್ಣ ಊರುಗಳ ಬದುಕು ಹೇಗಿತ್ತೆಂದು ತಿಳಿಯಬೇಕೆನ್ನುವವರು ಇಂಥ ಸೋದರ ಸಂಘಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮೇಸನ್‌ಗಳು, ಆಡ್ ಫೆಲೋಗಳು, ಎಲ್ಕ್‌ಗಳು, ಈಗಲ್‌ಗಳು, ಕ್ಯಾಥೊಲಿಕ್ಕರ ನೈಟ್ಸ್ ಆಫ್ ಕೊಲಂಬಸ್. ಐದಾರು ಸಾವಿರ ಜನಸಂಖ್ಯೆಯ ಊರಿನಲ್ಲೂ ಇವುಗಳಲ್ಲಿ ಮೂರು ನಾಲ್ಕರ ಶಾಖೆ ಇರುತ್ತಿತ್ತು. ಶಾಖೆಯನ್ನು ಅವರು ಲಾಡ್ಜ್ ಅನ್ನುತ್ತಿದ್ದರು. ಊರಿನ ವಕೀಲ, ಬ್ಯಾಂಕ್ ಮ್ಯಾನೇಜರು ಸಾಮಾನ್ಯವಾಗಿ ಮೇಸನ್ ಅಥವಾ ಎಲ್ಕ್. ಕಾರ್ಖಾನೆಯ ಶಿಫ್ಟ್ ಮುಗಿಸಿ ಬರುವವನು ಈಗಲ್ ಅಥವಾ ಮೂಸ್.

ಮೂಸ್ ಸಂಘದ ಹುಟ್ಟೇನೂ ಅಂಥ ಘನವಾದದ್ದಲ್ಲ. 1888ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಜಾನ್ ಹೆನ್ರಿ ವಿಲ್ಸನ್ ಎಂಬ ವೈದ್ಯರು ಗಂಡಸರು ನಾಲ್ಕು ಗಳಿಗೆ ಒಟ್ಟಿಗೆ ಕೂತು ಕಾಲ ಕಳೆಯಲಿ ಅಂತ ಶುರು ಮಾಡಿದ ಕೂಟ. ಎಲ್ಕ್ ಎಂಬ ಸಾರಂಗದ ಹೆಸರನ್ನು ಇನ್ನೊಬ್ಬರು ಆಗಲೇ ಇಟ್ಟುಕೊಂಡಿದ್ದರು, ಇವರು ಅದಕ್ಕಿಂತ ದೊಡ್ಡ ಕೊಂಬಿನ ಮೂಸ್ ಹೆಸರು ಹಿಡಿದರು. ಕೆಲ ವರ್ಷಗಳಲ್ಲಿ ಸ್ಥಾಪಕರಿಗೇ ಆಸಕ್ತಿ ಹೋಯಿತು. 1906ರ ಹೊತ್ತಿಗೆ ಇಂಡಿಯಾನ ರಾಜ್ಯದಲ್ಲಿ ಎರಡು ಲಾಡ್ಜ್, 246 ಸದಸ್ಯರು, ಇಷ್ಟೇ ಉಳಿದಿದ್ದು.

247ನೆಯವರು ಜೇಮ್ಸ್ ಜೆ. ಡೇವಿಸ್. ಆ ವರ್ಷದ ಅಕ್ಟೋಬರಿನಲ್ಲಿ ಕ್ರಾಫರ್ಡ್ಸ್‌ವಿಲ್ ಊರಿನಲ್ಲಿ ಸೇರಿಕೊಂಡಾಗ ಅವರಿಗೆ 33 ವರ್ಷ. ವೇಲ್ಸ್‌ನ ಟ್ರೆಡೀಗರ್‌ನಲ್ಲಿ ಹುಟ್ಟಿ, 1881ರಲ್ಲಿ ಮನೆಯವರ ಜೊತೆ ಅಮೆರಿಕಕ್ಕೆ ಬಂದು, ಪೆನ್ಸಿಲ್ವೇನಿಯಾದ ಷೇರನ್‌ನಲ್ಲಿ ಬೆಳೆದವರು. ಹನ್ನೊಂದನೆಯ ವಯಸ್ಸಿಗೇ ಕಬ್ಬಿಣ ಕರಗಿಸುವ ಕುಲುಮೆಯ ಮುಂದೆ ನಿಂತವರು. ಕುದಿಯುವ ಕಬ್ಬಿಣವನ್ನು ಉದ್ದನೆ ಸಲಾಕೆಯಿಂದ ಕಲಕಿ ಕಸ ಬೇರ್ಪಡಿಸುವ ಕೆಲಸ ಅದು. ಆ ಕೆಲಸದಲ್ಲಿ ಮೈ ಸುಟ್ಟುಕೊಂಡವರು, ಸತ್ತವರು ಎಷ್ಟೋ. ಕೆಲಸದಲ್ಲಿ ಸತ್ತವನ ಮನೆಗೆ ಪರಿಹಾರ ಕೊಡಿಸುವ ರಾಜ್ಯ ಕಾನೂನುಗಳು 1911ರ ಆಚೀಚೆಗಷ್ಟೇ ಜಾರಿಗೆ ಬರತೊಡಗಿದ್ದು. ಅಲ್ಲಿಯತನಕ ಗಂಡ ಸತ್ತರೆ ಮನೆ ಬಾಡಿಗೆ ನಿಲ್ಲುತ್ತಿತ್ತು, ಮಕ್ಕಳು ಚೆಲ್ಲಾಪಿಲ್ಲಿಯಾಗುತ್ತಿದ್ದರು. ಅಣ್ಣ ಒಂದು ಅನಾಥಾಶ್ರಮ, ತಂಗಿ ಇನ್ನೊಂದು, ಕೂಸು ಯಾರದೋ ಮನೆ.

ಡೇವಿಸ್ ಈ ಭಯವನ್ನು ಹತ್ತಿರದಿಂದ ಬಲ್ಲವರು, ಮಾತುಗಾರರೂ ಹೌದು. ಕೆಳಮಧ್ಯಮ ವರ್ಗದವನಿಗೂ ಎಟುಕುವ ಚಂದಾ ಇಟ್ಟು, ಅದಕ್ಕೆ ಪ್ರತಿಯಾಗಿ ಹೆಂಡತಿ ಮಕ್ಕಳ ರಕ್ಷಣೆಯ ಮಾತು ಕೊಡೋಣ ಅಂತ ಅವರು ಊರೂರು ಅಲೆದು ಲಾಡ್ಜ್ ಕಟ್ಟಿದರು. ನಮ್ಮ ಕಡೆಯ ಚೀಟಿ ಗುಂಪಿನ ಹಾಗೆ ಅದು ಪೂರಾ ನಂಬಿಕೆಯ ಮೇಲೆ ನಿಂತ ವ್ಯವಹಾರ. ನಂಬಿಕೆ ಬೆಳೆದ ವೇಗವಂತೂ ಬೆರಗು ಹುಟ್ಟಿಸುವಂಥದ್ದು. 1912ರ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಲಾಡ್ಜ್, ಸುಮಾರು ಐದು ಲಕ್ಷ ಸದಸ್ಯರು.

ಇಷ್ಟು ಜನಕ್ಕೆ ಮಾತು ಕೊಟ್ಟ ಮೇಲೆ ನಡೆಸಿ ತೋರಿಸಬೇಕಲ್ಲ. ಫಾಕ್ಸ್ ನದಿಯ ಪಕ್ಕದಲ್ಲಿ ಸುಮಾರು 1,000 ಎಕರೆ ಜಮೀನು ಕೊಂಡರು. 1913ರ ಜುಲೈ 27ರಂದು, ಬಾಡಿಗೆಗೆ ತಂದ ಸರ್ಕಸ್ ಡೇರೆಯ ಕೆಳಗೆ, ಅಮೆರಿಕದ ಉಪಾಧ್ಯಕ್ಷ ಥಾಮಸ್ ಮಾರ್ಷಲ್ ಅವರು ಮೂಸ್‌ಹಾರ್ಟನ್ನು ಉದ್ಘಾಟಿಸಿದರು. ಅವತ್ತು ಅಲ್ಲಿದ್ದ ಮಕ್ಕಳು ಹನ್ನೊಂದು.

ಆ ಊರನ್ನು ನಡೆಸಿದ ಬಗೆ ನೋಡಿ. ಒಡಹುಟ್ಟಿದವರನ್ನು ಬೇರೆ ಮಾಡುತ್ತಿರಲಿಲ್ಲ. ವಿಧವೆ ತಾಯಿಗೂ ಮಕ್ಕಳ ಜೊತೆ ಬಂದು ಅಲ್ಲೇ ಇದ್ದು ಕೆಲಸ ಮಾಡಲು ಅವಕಾಶವಿತ್ತು. ಸಾಲುಮಂಚದ ದೊಡ್ಡ ಹಾಲುಗಳ ಬದಲು ಸಣ್ಣ ಸಣ್ಣ ಮನೆಗಳು, ಮನೆಗೊಬ್ಬರು ಹಿರಿಯರು. ಮಗುವನ್ನು ಅದರ ಅಪ್ಪನ ಧರ್ಮದಲ್ಲೇ ಬೆಳೆಸಬೇಕು, ಕ್ಯಾಥೊಲಿಕ್ಕರ ಮಗುವಾದರೆ ಕ್ಯಾಥೊಲಿಕ್, ಪ್ರಾಟೆಸ್ಟೆಂಟರದಾದರೆ ಪ್ರಾಟೆಸ್ಟೆಂಟ್. ಈ ಎರಡು ಪಂಥದವರು ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ ಇದು ಸಣ್ಣ ತೀರ್ಮಾನವಾಗಿರಲಿಲ್ಲ. ಶಾಲೆ ಮುಗಿಸುವಾಗ ಪ್ರತಿ ಮಗುವಿನ ಕೈಯಲ್ಲೂ ಒಂದು ಕಸುಬು ಇರಬೇಕು ಎಂಬುದು ಡೇವಿಸ್ ಹಟ. ಅಚ್ಚಿನ ಕೆಲಸ, ತಗಡಿನ ಕೆಲಸ, ಹೊಲಿಗೆ, ಹೈನು, ಬ್ಯಾಂಡ್ ವಾದ್ಯ. ಸ್ವಂತ ಡೈರಿ, ಸ್ವಂತ ಬೇಕರಿ, ಸ್ವಂತ ಅಂಚೆ ಕಚೇರಿ. ಒಂದು ಘಟ್ಟದಲ್ಲಿ ಅಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳಿದ್ದರು. 1930ರಲ್ಲಿ ಮಕ್ಕಳ ಬೆಳವಣಿಗೆಯ ಅಧ್ಯಯನಕ್ಕಾಗಿ ಒಂದು ಪ್ರಯೋಗಾಲಯವೂ ಶುರುವಾಯಿತು. ಇನ್ನೊಂದು ತುದಿಗೆ, 1922ರಲ್ಲಿ, ವಯಸ್ಸಾದ ಸದಸ್ಯರಿಗಾಗಿ ಫ್ಲಾರಿಡಾದ ಆರೆಂಜ್ ಪಾರ್ಕಿನಲ್ಲಿ ಮೂಸ್‌ಹೇವನ್ ಎಂಬ ವಸತಿ ತೆರೆದರು.

ಡೇವಿಸ್ ಮುಂದೆ ದೊಡ್ಡವರಾದರು. 1921ರಿಂದ 1930ರವರೆಗೆ ಮೂವರು ಅಧ್ಯಕ್ಷರ ಕೈಕೆಳಗೆ ಕಾರ್ಮಿಕ ಸಚಿವರು, ಆಮೇಲೆ ಪೆನ್ಸಿಲ್ವೇನಿಯಾದ ಸೆನೆಟರು. ಸಂಘದ ಹೆಸರಿನ ಒಂದು ಲಾಟರಿ ಪ್ರಕರಣದಲ್ಲಿ ಮೊಕದ್ದಮೆ ಎದುರಿಸಿ 1933ರಲ್ಲಿ ಖುಲಾಸೆಯಾದರು. ವಲಸೆ ಬಂದ ಕೂಲಿಯ ಮಗ ಸಚಿವರಾಗಿದ್ದಾಗಲೇ, ವಲಸೆ ಇಲಾಖೆ ಅವರ ಕೈಯಲ್ಲಿದ್ದಾಗಲೇ, 1924ರ ಕಠಿಣ ವಲಸೆ ಕಾನೂನು ಬಂತು. ಏಷ್ಯಾದವರಿಗೆ ಬಾಗಿಲು ಹಾಕಿದ ಕಾನೂನು ಅದು. ಮನುಷ್ಯರು ಹೀಗೇ. ಡೇವಿಸ್ 1947ರಲ್ಲಿ ತೀರಿಕೊಂಡರು.

ಸಂಘದ ಬಂಗಾರದ ದಿನಗಳು ಮಾತ್ರ ಆಗಷ್ಟೇ ಶುರುವಾಗಿದ್ದವು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಚಂದಾ ಕಟ್ಟಲಾಗದೆ ಜನ ಬಿಟ್ಟು ಹೋಗಿದ್ದರು. ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಬಂದರು, ಕಾರ್ಖಾನೆಗಳಲ್ಲಿ ಒಳ್ಳೆ ಸಂಬಳ, ಎಲ್ಲ ಸಂಘಗಳೂ ತುಂಬಿಕೊಂಡವು. ಮೇಸನ್‌ಗಳ ಸಂಖ್ಯೆ 1959ರಲ್ಲಿ 40 ಲಕ್ಷ ದಾಟಿತ್ತು. ಮೂಸ್ ಸದಸ್ಯತ್ವವೂ ಏರುತ್ತಾ ಹೋಗಿ ಮುಂದೆ ಹತ್ತು ಲಕ್ಷ ಮೀರಿತು.

1950ರ ದಶಕದ ಮೂಸ್ ಲಾಡ್ಜ್ ಒಂದರ ಒಳಗೆ ಹೋಗೋಣ. ಒಹಾಯೊ, ಇಂಡಿಯಾನ, ಪೆನ್ಸಿಲ್ವೇನಿಯಾಗಳ ಯಾವ ಮಿಲ್ ಊರಾದರೂ ಆದೀತು. ಬಾಗಿಲಲ್ಲಿ ಬೆಲ್ ಒತ್ತಿ ಸದಸ್ಯತ್ವದ ಕಾರ್ಡ್ ತೋರಿಸಬೇಕು. ಮೇಲೆ ಸಭೆಯ ಕೋಣೆ: ನಡುವೆ ಪೀಠದ ಮೇಲೆ ಬೈಬಲ್, ಪಕ್ಕದಲ್ಲಿ ರಾಷ್ಟ್ರಧ್ವಜ, ಸುತ್ತ ಪದಾಧಿಕಾರಿಗಳ ಕುರ್ಚಿ. ಲಾಡ್ಜಿನ ಮುಖ್ಯಸ್ಥನಿಗೆ ಹಿಂದೆ ‘ಡಿಕ್ಟೇಟರ್’ ಅಂತಲೇ ಪದವಿ ಇತ್ತು. ಹಿಟ್ಲರ್, ಮುಸ್ಸೋಲಿನಿ ಆ ಪದದ ಮಾನ ಕಳೆದ ಮೇಲೆ ‘ಗವರ್ನರ್’ ಅಂತ ಬದಲಾಯಿಸಿಕೊಂಡರು. ಕೆಳಗೆ ಬಾರು, ಊಟದ ಕೋಣೆ, ಕುಣಿಯಲು ಜಾಗ. ಶುಕ್ರವಾರ ಕರಿದ ಮೀನಿನ ಊಟ, ಒಂದು ಸಂಜೆ ಬಿಂಗೊ, ಇನ್ನೊಂದು ಸಂಜೆ ಬೋಲಿಂಗ್ ತಂಡ. ಭಾನುವಾರ ಊರಿನ ಬಾರುಗಳಿಗೆ ಬೀಗ ಬೀಳುತ್ತಿದ್ದ ಕಡೆಗಳಲ್ಲಿ ಖಾಸಗಿ ಕ್ಲಬ್ಬಿನ ಲೈಸೆನ್ಸಿಗೆ ಬೆಲೆ ಜಾಸ್ತಿ. ಸೋದರಭಾವಕ್ಕಿಂತ ಅಗ್ಗದ ಬಿಯರಿಗೇ ಸೇರಿದವರು ಎಷ್ಟೋ ಜನ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಡುಗೆ, ಪಾತ್ರೆ, ನಿಧಿ ಸಂಗ್ರಹದ ಕೇಕ್ ಮಾರಾಟ, ಇದೆಲ್ಲ ವಿಮೆನ್ ಆಫ್ ದಿ ಮೂಸ್ ಎಂಬ ಮಹಿಳಾ ಘಟಕದ ಪಾಲು.

ಗಡಿಯಾರ ರಾತ್ರಿ ಒಂಬತ್ತು ತೋರಿಸಿತು ಅಂದರೆ ಇದೆಲ್ಲ ನಿಲ್ಲುತ್ತಿತ್ತು. ಇಸ್ಪೀಟಿನ ಎಲೆ ಕೆಳಗಿಟ್ಟು, ಗ್ಲಾಸು ಬದಿಗೆ ಸರಿಸಿ, ಎಲ್ಲರೂ ಎದ್ದು ಮೂಸ್‌ಹಾರ್ಟ್ ಇರುವ ದಿಕ್ಕಿಗೆ ತಿರುಗಿ, ಕೈಕಟ್ಟಿ ತಲೆ ಬಗ್ಗಿಸುತ್ತಿದ್ದರು. ಮಕ್ಕಳನ್ನು ತಡೆಯಬೇಡಿ, ನನ್ನ ಬಳಿಗೆ ಬಿಡಿ ಎಂಬ ಅರ್ಥದ ಏಸುವಿನ ಮಾತನ್ನು ನೆನೆದು, ದೇವರು ಮೂಸ್‌ಹಾರ್ಟಿಗೆ ಒಳ್ಳೆಯದು ಮಾಡಲಿ ಅಂತ ಹೇಳಿ, ಮತ್ತೆ ಕೂರುತ್ತಿದ್ದರು. ಅದೇ ಹೊತ್ತಿಗೆ ಇಲಿನಾಯ್ಸ್‌ನಲ್ಲಿ ಆ ಮಕ್ಕಳು ಹಾಸಿಗೆ ಪಕ್ಕದಲ್ಲಿ ಮಂಡಿಯೂರಿ ಪ್ರಾರ್ಥನೆ ಮಾಡುವ ಸಮಯ. ಮೂಸ್‌ಹಾರ್ಟನ್ನು ಕಣ್ಣಿಂದ ನೋಡದ ಸದಸ್ಯನಿಗೂ ಅದು ಯಾವ ದಿಕ್ಕಿಗಿದೆ ಅಂತ ತಿಳಿದಿರುತ್ತಿತ್ತು. ಬಾರಿನ ಹೊಗೆಯಲ್ಲಿ ನಿಂತು ಮಾಡುವ ಈ ಪ್ರಾರ್ಥನೆಯನ್ನು ಹೊರಗಿನವರು ನಕ್ಕು ಬಿಡಬಹುದು. ನನಗೆ ಅದು ಸಂಘದ ಲೆಕ್ಕಪತ್ರದಂತೆ ಕಾಣುತ್ತದೆ. ಚಂದಾ ಯಾತಕ್ಕೆ ಕೊಡುತ್ತಿದ್ದೇವೆ ಅನ್ನುವುದನ್ನು ದಿನಾ ಒಂದು ನಿಮಿಷ ನೆನಪಿಸುವ ಏರ್ಪಾಡು.

ನಗುವುದಕ್ಕೂ ಸಾಕಷ್ಟು ಇತ್ತು, ಆ ಕಾಲದ ಅಮೆರಿಕನ್ನರೇ ನಕ್ಕಿದ್ದಾರೆ. ಲಾರೆಲ್ ಮತ್ತು ಹಾರ್ಡಿಯ 1933ರ ‘ಸನ್ಸ್ ಆಫ್ ದಿ ಡೆಸರ್ಟ್’ ಚಿತ್ರ ಇಂಥದೇ ಸಂಘದ ಗಮ್ಮತ್ತು. ನಮ್ಮ ಮಕ್ಕಳು ನೋಡಿದ ‘ಫ್ಲಿಂಟ್‌ಸ್ಟೋನ್ಸ್’ ಕಾರ್ಟೂನಿನಲ್ಲಿ ಫ್ರೆಡ್ ಮತ್ತು ಬಾರ್ನಿ ಕೊಂಬಿನ ಟೋಪಿ ಹಾಕಿಕೊಂಡು ಹೋಗುವ ವಾಟರ್ ಬಫಲೋ ಲಾಡ್ಜ್ ಕೂಡ ಮೂಸ್, ಎಲ್ಕ್‌ಗಳ ಅಣಕವೇ.

ಇನ್ನು ನಗಲಾಗದ ಸಂಗತಿ. ಮೂಸ್ ಸಂಘದ ಆಗಿನ ನಿಯಮಾವಳಿಯ ಪ್ರಕಾರ ಸದಸ್ಯನಾಗುವವನು 21 ದಾಟಿದ ಬಿಳಿಯ ಗಂಡಸಾಗಿರಬೇಕಿತ್ತು. ಅಷ್ಟೇ ಅಲ್ಲ, ಬೇರೆ ಬಣ್ಣದವಳನ್ನು ಮದುವೆಯಾದವನೂ ಆಗಿರಬಾರದಿತ್ತು. ಇದು ಮೂಸ್ ಒಂದರದ್ದೇ ಕಥೆಯಲ್ಲ, ಎಲ್ಕ್‌ಗಳಲ್ಲೂ ಬಿಳಿಯರಿಗೆ ಮಾತ್ರ ಎಂಬ ನಿಯಮವಿತ್ತು. ಮೂಸ್‌ಹಾರ್ಟಿಗೆ ಆಗ ಸದಸ್ಯರ ಮಕ್ಕಳಿಗಷ್ಟೇ ಪ್ರವೇಶ, ಸದಸ್ಯರೆಲ್ಲ ಬಿಳಿಯರು. ಅಂದಮೇಲೆ ಅದೇ ಕುಲುಮೆಯ ಮುಂದೆ ಬೆವರು ಸುರಿಸಿ ಸತ್ತ ಕಪ್ಪು ಕೆಲಸಗಾರನ ಮಕ್ಕಳಿಗೆ ಆ ಸಾಲುಮನೆಗಳಲ್ಲಿ ಜಾಗವಿರಲಿಲ್ಲ. ನಮ್ಮವರಿಗೂ ಇರಲಿಲ್ಲ ಬಿಡಿ. ಭಾರತೀಯರು ಪೌರತ್ವದ ಕಾನೂನಿಗೆ ಬಿಳಿಯರಲ್ಲ ಅಂತ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ 1923ರಲ್ಲೇ ಹೇಳಿಯಾಗಿತ್ತು.

ಕಪ್ಪು ಜನ ಕೈಕಟ್ಟಿ ಕೂರಲಿಲ್ಲ, ತಮ್ಮದೇ ಸಂಘ ಕಟ್ಟಿಕೊಂಡರು. 1898ರಲ್ಲಿ ಸಿನ್ಸಿನಾಟಿಯಲ್ಲಿ ಆರ್ಥರ್ ರಿಗ್ಸ್ ಮತ್ತು ಬೆಂಜಮಿನ್ ಹೋವರ್ಡ್ ಶುರು ಮಾಡಿದ ಕಪ್ಪು ಎಲ್ಕ್‌ಗಳ ಸಂಘ ದೇಶದ ತುಂಬ ಹಬ್ಬಿತು. ವಿದ್ಯಾರ್ಥಿಗಳಿಗೆ ಅವರು ಭಾಷಣ ಸ್ಪರ್ಧೆ ನಡೆಸುತ್ತಿದ್ದರು. 1944ರ ಏಪ್ರಿಲಿನಲ್ಲಿ ಜಾರ್ಜಿಯಾದ ಡಬ್ಲಿನ್ ಎಂಬ ಸಣ್ಣ ಊರಿನ ಚರ್ಚಿನಲ್ಲಿ ಅಂಥದೊಂದು ಸ್ಪರ್ಧೆ. ವಿಷಯ, ಕಪ್ಪು ಜನ ಮತ್ತು ಸಂವಿಧಾನ. ಅಟ್ಲಾಂಟಾದಿಂದ ಶಿಕ್ಷಕಿಯ ಜೊತೆ ಬಂದ 15 ವರ್ಷದ ಹುಡುಗ ಚೆನ್ನಾಗಿ ಮಾತಾಡಿ ಬಹುಮಾನ ಗೆದ್ದ. ವಾಪಸು ಹೋಗುವ ಬಸ್ಸಿನಲ್ಲಿ ಬಿಳಿಯರು ಹತ್ತಿದಾಗ ಚಾಲಕ ಇಬ್ಬರನ್ನೂ ಸೀಟಿನಿಂದ ಏಳಿಸಿದ. ಅಟ್ಲಾಂಟಾದವರೆಗೆ ಸುಮಾರು 90 ಮೈಲಿಯ ದಾರಿಯನ್ನು ನಿಂತೇ ಕಳೆಯಬೇಕಾಯಿತು. ಆ ಹುಡುಗ ಮಾರ್ಟಿನ್ ಲೂಥರ್ ಕಿಂಗ್. ಬದುಕಿನಲ್ಲಿ ಅಷ್ಟು ಸಿಟ್ಟು ಇನ್ಯಾವತ್ತೂ ಬಂದಿರಲಿಲ್ಲ ಅಂತ ಅವರು ಮುಂದೆ ನೆನಪಿಸಿಕೊಂಡರು.

ಮೂಸ್‌ಗಳ ಬಣ್ಣದ ನಿಯಮ ದೇಶದ ಅತಿ ದೊಡ್ಡ ನ್ಯಾಯಾಲಯದವರೆಗೂ ಹೋಯಿತು. 1968ರ ಡಿಸೆಂಬರ್ 29ರಂದು ಪೆನ್ಸಿಲ್ವೇನಿಯಾದ ರಾಜಧಾನಿ ಹ್ಯಾರಿಸ್‌ಬರ್ಗ್‌ನಲ್ಲಿ ಮೂಸ್ ಲಾಡ್ಜ್ ಸಂಖ್ಯೆ 107ಕ್ಕೆ ಬಿಳಿಯ ಸದಸ್ಯರೊಬ್ಬರು ಅತಿಥಿಯೊಬ್ಬರನ್ನು ಕರೆದುಕೊಂಡು ಹೋದರು. ಅತಿಥಿಯ ಹೆಸರು ಲೀರಾಯ್ ಇರ್ವಿಸ್, ರಾಜ್ಯ ಶಾಸನಸಭೆಯ ಸದಸ್ಯರು, ಕಪ್ಪು ಜನಾಂಗದವರು. ಊಟವನ್ನೂ ಪಾನೀಯವನ್ನೂ ಕೊಡುವುದಿಲ್ಲ ಅಂದರು. ಇರ್ವಿಸ್ ಕೋರ್ಟಿಗೆ ಹೋದರು. ಅವರ ವಾದ ಚೊಕ್ಕವಾಗಿತ್ತು: ಖಾಸಗಿ ಕ್ಲಬ್ ಏನಾದರೂ ಮಾಡಿಕೊಳ್ಳಲಿ, ಆದರೆ ಮದ್ಯದ ಲೈಸೆನ್ಸ್ ಕೊಟ್ಟಿರುವುದು ಸರ್ಕಾರ, ಆದ್ದರಿಂದ ಈ ಭೇದಭಾವದಲ್ಲಿ ಸರ್ಕಾರದ ಕೈಯೂ ಇದೆ. 1972ರ ಜೂನಿನಲ್ಲಿ ಸುಪ್ರೀಂ ಕೋರ್ಟ್ 6-3 ಬಹುಮತದಿಂದ ಈ ವಾದವನ್ನು ತಳ್ಳಿಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ರೆನ್‌ಕ್ವಿಸ್ಟ್. ಭಿನ್ನಮತದಲ್ಲಿ ನ್ಯಾಯಮೂರ್ತಿ ಡಗ್ಲಸ್ ಒಂದು ವ್ಯಾವಹಾರಿಕ ಅಂಶ ಎತ್ತಿದರು: ಹ್ಯಾರಿಸ್‌ಬರ್ಗಿಗೆ ನಿಗದಿಯಾಗಿದ್ದ ಕ್ಲಬ್ ಲೈಸೆನ್ಸುಗಳ ಕೋಟಾ ಎಂದೋ ಮುಗಿದುಹೋಗಿದೆ, ಕಪ್ಪು ಜನ ತಮ್ಮದೇ ಕ್ಲಬ್ ತೆರೆಯುತ್ತೇವೆಂದರೂ ಲೈಸೆನ್ಸ್ ಸಿಗುವುದಿಲ್ಲ. ಸಂವಿಧಾನದ ಪ್ರಶ್ನೆಯಲ್ಲಿ ಮೂಸ್ ಗೆದ್ದಿತು. ಆದರೆ ಅತಿಥಿಗಳಿಗೆ ತೆರೆದಿಟ್ಟ ಊಟದ ಕೋಣೆ ಸಾರ್ವಜನಿಕ ಜಾಗವೇ, ಅಲ್ಲಿ ಭೇದ ಕೂಡದು ಅಂತ ರಾಜ್ಯದ ಕಾನೂನಿನಡಿ ಪೆನ್ಸಿಲ್ವೇನಿಯಾದ ನ್ಯಾಯಾಲಯ ಬೇರೆ ಮೊಕದ್ದಮೆಯಲ್ಲಿ ಹೇಳಿತು. 1973ರಲ್ಲಿ ಮೂಸ್‌ಗಳೂ ಎಲ್ಕ್‌ಗಳೂ ಬಿಳಿಯರಿಗೆ ಮಾತ್ರ ಎಂಬ ನಿಯಮವನ್ನು ತೆಗೆದುಹಾಕಿದರು. ಇರ್ವಿಸ್ 1977ರಲ್ಲಿ ಅದೇ ಹ್ಯಾರಿಸ್‌ಬರ್ಗಿನಲ್ಲಿ ಶಾಸನಸಭೆಯ ಸ್ಪೀಕರ್ ಆದರು.

ನಿಯಮ ತೆಗೆದ ಹೊತ್ತಿಗೆ ಸೋದರ ಸಂಘಗಳ ಕಾಲವೇ ಇಳಿಮುಖವಾಗುತ್ತಿತ್ತು. ಟೀವಿ ಬಂದು ಜನ ಮನೆ ಬಿಟ್ಟು ಏಳುವುದಿಲ್ಲ ಎನ್ನುವುದು ಸಾಮಾನ್ಯವಾಗಿ ಕೊಡುವ ಕಾರಣ. ರಾಜ್ಯಶಾಸ್ತ್ರಜ್ಞ ರಾಬರ್ಟ್ ಪಟ್ನಮ್ 2000ದಲ್ಲಿ ‘ಬೋಲಿಂಗ್ ಅಲೋನ್’ ಪುಸ್ತಕ ಬರೆದ ಮೇಲಂತೂ ಅದು ಮನೆಮಾತಾಯಿತು. ಹೆಂಗಸರು ಹೊರಗೆ ದುಡಿಯತೊಡಗಿದರು, ಕಾರ್ಖಾನೆಗಳು ಮುಚ್ಚಿದವು, ಮಕ್ಕಳು ಊರು ಬಿಟ್ಟರು, ಇವೂ ಇವೆ. ನನ್ನ ಮಟ್ಟಿಗೆ ದೊಡ್ಡ ಕಾರಣ ಇನ್ನೂ ಹಿಂದಿನದು. 1939ರ ತಿದ್ದುಪಡಿಯಿಂದ ಸೋಷಿಯಲ್ ಸೆಕ್ಯುರಿಟಿ ಯೋಜನೆಯಲ್ಲಿ ಸತ್ತ ನೌಕರನ ವಿಧವೆಗೂ ಮಕ್ಕಳಿಗೂ ಮಾಸಿಕ ಹಣ ಬರುವಂತಾಯಿತು. ಲಾಡ್ಜ್ ಕೊಡುತ್ತಿದ್ದ ಭರವಸೆಯನ್ನು ಸರ್ಕಾರವೇ ಬಹಳಷ್ಟು ದುಡಿಯುವ ಜನಕ್ಕೆ ಕೊಡತೊಡಗಿತು. ಪೆನಿಸಿಲಿನ್, ಲಸಿಕೆ, ಸುರಕ್ಷಿತ ಕಾರ್ಖಾನೆಗಳಿಂದ ಚಿಕ್ಕ ವಯಸ್ಸಿಗೆ ಸಾಯುವ ಅಪ್ಪಂದಿರೂ ಕಡಿಮೆಯಾದರು. ಅಂದರೆ 1950ರ ದಶಕದಲ್ಲಿ ಲಾಡ್ಜುಗಳು ತುಂಬಿ ತುಳುಕುತ್ತಿದ್ದಾಗಲೇ ಅವು ಹುಟ್ಟಿದ ಕಾರಣ ಒಳಗಿಂದೊಳಗೆ ಕರಗುತ್ತಿತ್ತು, ಬಿಯರು ಬಿಂಗೊ ಉಳಿದಿದ್ದವು.

ಮೂಸ್‌ಹಾರ್ಟ್ ಮಾತ್ರ ಮುಚ್ಚಲಿಲ್ಲ. ಮಕ್ಕಳ ಸಂಖ್ಯೆ ಹಿಂದಿನ ಮಟ್ಟಕ್ಕೆ ಹೋಲಿಸಿದರೆ ತುಂಬ ಕಡಿಮೆ. ತಂದೆ ಸತ್ತ ಮಕ್ಕಳೇ ಬೇಕೆಂದಿಲ್ಲ, ಮನೆಯಲ್ಲಿ ನೆಲೆ ಇಲ್ಲದ ಮಕ್ಕಳೂ, ಸದಸ್ಯರಲ್ಲದವರ ಮಕ್ಕಳೂ ಸೇರಬಹುದು. 2012ರಲ್ಲಿ ಮೂಸ್‌ಹಾರ್ಟ್ ಪ್ರೌಢಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡ ದೇಶದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ದಕ್ಷಿಣ ಸೂಡಾನಿನಿಂದ ಬಂದು ಅಲ್ಲಿ ವಾಸವಾಗಿದ್ದ ಎತ್ತರದ ಹುಡುಗರು ಆ ತಂಡದಲ್ಲಿ ಆಡುತ್ತಿದ್ದರು, ಅವರು ಆಡಬಹುದೇ ಎಂಬ ತಕರಾರು ಎದ್ದಿತ್ತು. ಕಪ್ಪು ಅತಿಥಿಗೆ ಊಟ ಬಡಿಸದಿದ್ದ ಸಂಘದ ಚಂದಾದಲ್ಲೇ ಆ ಹುಡುಗರು ಊಟ ಮಾಡುತ್ತಿದ್ದರು. ಶಾಲೆ ಅವರ ಪರ ನಿಂತಿತು.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ವೀಸಾ ಮೇಲಿರುವ ಯುವಕನೊಬ್ಬ ಇಲ್ಲಿ ಹಠಾತ್ತನೆ ತೀರಿಕೊಂಡರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು. ವಾಟ್ಸಾಪಿನಲ್ಲಿ ಸುದ್ದಿ, ಸಂಜೆಯೊಳಗೆ ಗೋಫಂಡ್‌ಮಿ ಪುಟ, ಪಾರ್ಥಿವ ಶರೀರ ಊರಿಗೆ ಕಳಿಸಲು ಓಡಾಟ, ಹೆಂಡತಿ ಮಕ್ಕಳ ವೀಸಾ ಗತಿಯೇನೆಂಬ ಚಿಂತೆ. ಜನ ಕೈಬಿಚ್ಚಿ ಕೊಡುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸತ್ತವನಿಗೆ ಸ್ನೇಹಿತರು ಹೆಚ್ಚಿದ್ದರೆ ಹೆಚ್ಚು, ಕಡಿಮೆಯಿದ್ದರೆ ಕಡಿಮೆ. ಆ ಹೆಣ್ಣುಮಗಳು ದುಃಖದಲ್ಲಿರುವಾಗಲೇ ತನ್ನ ಫೋಟೊ, ಕಷ್ಟ ಎರಡನ್ನೂ ಊರ ಮುಂದಿಡಬೇಕು. ಮೂಸ್ ಸದಸ್ಯನ ವಿಧವೆಗೆ ಹಾಗಿರಲಿಲ್ಲ. ಗಂಡ ಬದುಕಿದ್ದಾಗಲೇ ಕಟ್ಟಿದ ಚಂದಾ ಅದು, ಅವಳು ಕೇಳುತ್ತಿದ್ದುದು ಹಕ್ಕು.

ನಮ್ಮ ಕನ್ನಡ ಕೂಟಗಳಲ್ಲಿ ಯುಗಾದಿ, ರಾಜ್ಯೋತ್ಸವ, ಪಿಕ್ನಿಕ್ಕುಗಳ ಜೊತೆಗೆ ಇಂಥದೊಂದು ಕಾಯಂ ನಿಧಿಯೂ ಇರಲಿ. ಕುಟುಂಬಕ್ಕೆ ವರ್ಷಕ್ಕೆ ಇಷ್ಟು ಅಂತ ನಿಗದಿಯಾಗಲಿ, ಲೆಕ್ಕ ವಾರ್ಷಿಕ ಸಭೆಯಲ್ಲಿ ಮಂಡನೆಯಾಗಲಿ. ಹಾಗೆ ಮಾಡುವಾಗ ಮೂಸ್ ನಿಯಮಾವಳಿಯ ಆ ಹಳೆಯ ಸಾಲನ್ನು ಮರೆಯಬೇಡಿ. ಜಾತಿಗೊಂದು ಬಳಗ, ಬಳಗಕ್ಕೊಂದು ನಿಧಿ ಅಂತ ಹೊರಟರೆ ನಾವೂ ಅದೇ ಸಾಲನ್ನು ಬೇರೆ ಅಕ್ಷರದಲ್ಲಿ ಬರೆದಂತಾಗುತ್ತದೆ. ಕೂಟದ ಪದಾಧಿಕಾರಿಗಳು ಮುಂದಿನ ಸರ್ವ ಸದಸ್ಯರ ಸಭೆಯ ಕಾರ್ಯಸೂಚಿಗೆ ಈ ವಿಷಯವನ್ನು ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ.